ಕಂಪ್ಯೂಟರಿನ ಲಕ್ಷ್ಮಿಯನ್ನು ಕದಲಿಸಿದ ರವಿವಾರ

ಬ್ಯಾಡಗಿಯ ತವರುಮನೆಯಿಂದ ವರ್ಷದ ಖಾರಕ್ಕೆಂದು ಕಳಿಸಿದ್ದ ಮೆಣಸಿನಕಾಯಿಯನ್ನು ಪಡಸಾಲೆಯ ತುಂಬ ಹರವಿಕೊಂಡು ತೊಟ್ಟು ಮುರಿಯುತ್ತ ಕುಳಿತಿದ್ದೆ. ಮೂಗಿಗೆ ಸೆರಗು ಬಿಗಿದುಕೊಂಡಿದ್ದೆ. ಎರಡೂ ಕೈ ಉರಿಯುತ್ತಿದ್ದವು. ಅಷ್ಟರಲ್ಲಿ ಫೋನು ಗಣಗಣಿಸಿತು. ಖಾರದ ಕೈಯಿಂದ ಮುಟ್ಟಬಾರದೆಂದು ನಾನು ಏಳಲಿಲ್ಲ. ಹೊರಗಿನ ಖೋಲಿಯಿಂದ ನಾದಿನಿ ಬಂದು ಎತ್ತಿದಳು. ಆ ಕಡೆಯವರು ಮಾತಾಡುತ್ತಲೇ ಇದ್ದರು, ಈಕೆ ಬರೀ "ಹೂಂರಿ, ಹೂಂರಿ" ಎನ್ನುತ್ತಿದ್ದಳು. ಫೋನು ಇಟ್ಟ ಮೇಲೂ ಅದರ ಮೇಲಿನ ಕೈ ತೆಗೆಯಲಿಲ್ಲ.

"ಯಾರ ಫೋನ?"

"ಪ್ರೆಸ್ಸಿನವ್ರು. ಇನ್ನ ಮ್ಯಾಲೆ ನಮ್ಮ ಕಡೆ ಲಗ್ನಪತ್ರಿಕಿ ಕಳಸೂದಿಲ್ಲಂತ, ವೈನಿ. ಕಂಪ್ಯೂಟರ ಸರಿ ಆದ್ರ ಬ್ಯಾರೆ ಮಾತಂತ, ಸೋಮವಾರದ ತನಕ ನೋಡ್ತಾರಂತ. ಆಮ್ಯಾಲ ದಾವಣಗೆರಿಗೆ ಕೊಡ್ತಾರಂತ."

ಅವಳ ಪಾಲಿಗೆ ಇದು ಎಂಥ ಸುದ್ದಿ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ನಾದಿನಿ ಗಂಡನ ಮನೆ ಬಿಟ್ಟು ರಾಣೆಬೆನ್ನೂರಿಗೆ ನಮ್ಮ ಮನೆಗೆ ಬಂದವಳು. ಯಾಕೆ ಬಂದಳೆಂಬುದು ಅವಳ ಮಾತು, ನನ್ನದಲ್ಲ. ಬಂದವಳು ಮೂಲೆ ಹಿಡಿದು ಕೂಡಲಿಲ್ಲ. ಹುಬ್ಬಳ್ಳಿಯಲ್ಲಿದ್ದು ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಜೋಡಿಸುವುದನ್ನು ಕಲಿತು ಬಂದಳು. ಹೊರಗಿನ ಖೋಲಿಯಲ್ಲಿ ಕಂಪ್ಯೂಟರು, ಪ್ರಿಂಟರು ಇಟ್ಟುಕೊಂಡಳು. ಪೇಟೆಯ ಒಂದು ಪ್ರೆಸ್ಸಿನವರು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು ಕಳಿಸುತ್ತಿದ್ದರು. ಹೆಣ್ಣಿನ ಕಡೆಯ ಹಿರಿಯರು ತಾವೇ ಬಂದು ಇವಳ ಪಕ್ಕದಲ್ಲಿ ಕುಳಿತು, ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ಬರೆಸಿಕೊಂಡು ಹೋಗುತ್ತಿದ್ದರು. ಬಿಟ್ಟು ಬಂದವಳ ಕೈಯಿಂದ ಮದುವೆಯ ಪತ್ರಿಕೆ ಮಾಡಿಸಬಹುದೇ ಎಂದು ಓಣಿಯಲ್ಲಿ ಒಬ್ಬರಿಬ್ಬರು ಅಂದಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಅಕ್ಷರ ಚೆಂದ ಕೂಡಿಸುತ್ತಾಳೆ ಎಂಬ ಹೆಸರು ಬಂದ ಮೇಲೆ ಆ ಬಾಯಿಗಳು ಮುಚ್ಚಿದ್ದವು. ಈಗ ಕೆಲಸ ಹೋದರೆ ಬರೀ ಕೆಲಸ ಹೋಗುತ್ತಿರಲಿಲ್ಲ.

ನಡೆದದ್ದು ಇಷ್ಟು. ಆ ಬೆಳಿಗ್ಗೆ ಹಲಗೇರಿಯ ಹಿರಿಯರೊಬ್ಬರು ಮೊಮ್ಮಗಳ ಪತ್ರಿಕೆ ನೋಡಲು ಬಂದಿದ್ದರು. ತೊಂಬತ್ತಕ್ಕೆ ಹತ್ತಿರದ ವಯಸ್ಸು, ಬಿಳೀ ಧೋತರ. ಪರದೆಗೆ ಮುಖ ಕೊಟ್ಟು, "ಗುರುಹಿರಿಯರ ಆಶೀರ್ವಾದದಿಂದ" ಎಂದು ಬೆರಳು ಇಟ್ಟು ಓದುತ್ತಿದ್ದರಂತೆ. ಆ ಸಾಲಿನ ಮೇಲೇ ಒಂದು ಕಿಡಕಿ ಪಟ್ಟನೆ ತೆರೆಯಿತು. ಅದರೊಳಗೆ ಅರ್ಧ ಬಟ್ಟೆಯ ಹೆಣ್ಣುಮಗಳು ನಗುತ್ತ ಕಣ್ಣು ಹೊಡೆಯುತ್ತಿದ್ದಳು. ನಾದಿನಿ ಗಡಬಡಿಸಿ ಅದನ್ನು ಮುಚ್ಚಿದರೆ ಇನ್ನೆರಡು ತೆರೆದವು. ಹಿರಿಯರು ಪರದೆಯಿಂದ ಬೆರಳು ತೆಗೆದರು. ವಲ್ಲಿ ಹೆಗಲಿಗೇರಿಸಿ, "ಆಮ್ಯಾಲ ಬರ್ತೇನ ಯವ್ವಾ" ಎಂದು ಎದ್ದು ಹೋದರು. ಅಲ್ಲಿಂದ ನೇರ ಪ್ರೆಸ್ಸಿಗೆ ಹೋಗಿರಬೇಕು.

ಇದು ಒಂದೇ ದಿನದ ಕಾಟವಾಗಿರಲಿಲ್ಲ. ಒಂದು ತಿಂಗಳಿಂದ ಆ ಪೆಟ್ಟಿಗೆ ವಿಚಿತ್ರವಾಗಿ ನಡೆದುಕೊಳ್ಳುತ್ತಿತ್ತು. ಒಂದು ಅಕ್ಷರ ಒತ್ತಿದರೆ ನಾಲ್ಕು ಉಸಿರು ಕಳೆದ ಮೇಲೆ ಮೂಡುತ್ತಿತ್ತು. ನಿಮಗೆ ಬಹುಮಾನ ಬಂದಿದೆ ಎಂದು ಹಳದಿ ಚೀಟಿಗಳು ಹಾರಿ ಬರುತ್ತಿದ್ದವು. ಆಗೆಲ್ಲ ಇಂಟರ್ನೆಟ್ಟು ಫೋನಿನ ತಂತಿಯಲ್ಲೇ ಬರುತ್ತಿದ್ದ ಕಾಲ. ಅದನ್ನು ಹಚ್ಚುವಾಗ ಪೆಟ್ಟಿಗೆ ಕಿರ್ ಎಂದು ಚೀರುತ್ತಿತ್ತು. ಯಾರೂ ಖೋಲಿಯಲ್ಲಿ ಇಲ್ಲದಾಗ, ನಡು ಮಧ್ಯಾಹ್ನ, ಅದು ತಾನೇ ಚೀರಿಕೊಂಡದ್ದನ್ನು ನಾನು ಅಡುಗೆಮನೆಯಿಂದ ಕೇಳಿದ್ದೇನೆ. ಕೈಯಲ್ಲಿದ್ದ ಸೌಟು ಹಾಗೇ ನಿಂತಿತ್ತು.

ಅತ್ತೆಗೆ ಇದು ದೃಷ್ಟಿಯ ಕೆಲಸ. ದುಡಿದು ಉಣ್ಣುವ ಮಗಳ ಮೇಲೆ ಯಾರದೋ ಕಣ್ಣು ಬಿದ್ದಿದೆ ಎಂದು ನನ್ನ ಮೆಣಸಿನಕಾಯಿಯಲ್ಲೇ ಒಂದು ಹಿಡಿ ಎತ್ತಿಕೊಂಡು, ಉಪ್ಪು ಸೇರಿಸಿ, ಕಂಪ್ಯೂಟರಿಗೆ ಸುತ್ತು ಬರಿಸಿ ಇಳಿದೆಗೆದು ಒಲೆಗೆ ಹಾಕಿದರು. ಮನೆ ಮಂದಿಯೆಲ್ಲ ಕೆಮ್ಮಿದ್ದೇ ಬಂತು. ಪೆಟ್ಟಿಗೆಗೆ ಏನೂ ಆಗಲಿಲ್ಲ.

ನಾನು ಕೈ ತೊಳೆದು, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹಾವೇರಿಗೆ ಫೋನು ಹಚ್ಚಿದೆ. ನನ್ನ ತಂಗಿ ಅಲ್ಲಿ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದಳು. ಬಾಯಿ ಜೋರು, ಮನಸ್ಸು ಮೆತ್ತಗೆ. ನಾನು ಹೇಳಿದ್ದೆಲ್ಲ ಕೇಳಿ, "ಅಕ್ಕಾ, ನಿಮ್ಮ ಕಂಪ್ಯೂಟರ ಕೆಟ್ಟಿಲ್ಲ. ಅದರಾಗ ಮಂದಿ ಸೇರ್ಯಾರ" ಎಂದಳು.

"ಎಂಥಾ ಮಂದಿ?"

"ಜಾಹೀರಾತು ತೋರಿಸವ್ರು ಒಂದಿಷ್ಟು, ನೀವು ಏನ ಮಾಡ್ತೀರಿ ಅಂತ ನೋಡಿ ಹೊರಗ ಸುದ್ದಿ ಕಳಸವ್ರು ಒಂದಿಷ್ಟು. ಸ್ಪೈವೇರ್ ಅಂತಾರ. ಮೊದಲ ಫೋನಿನ ತಂತಿ ಕೀಳ್ರಿ. ರವಿವಾರ ನಾನs ಬರ್ತೇನಿ. ಅಲ್ಲೀ ತನಕ ಅವಕ್ಕ ಹೊರಗಿನ ಗಾಳಿ ಕೊಡಬ್ಯಾಡ್ರಿ."

ಕಾಣದ ಯಂತ್ರದ ರೋಗವನ್ನು ಹಾವೇರಿಯಲ್ಲಿ ಕುಳಿತವಳು ನನ್ನ ಬಾಯಿಂದ ಕೇಳಿ ಹೇಳಿದ್ದಳು. ಅದಕ್ಕೇ ಬೆರಗಾಗಬೇಕೋ, ನಮ್ಮ ಮನೆಯ ಖೋಲಿಯಲ್ಲಿ ಯಾರೋ ಕಾಣದೆ ಕುಳಿತಿದ್ದಾರೆ ಎಂಬುದಕ್ಕೆ ಬೆರಗಾಗಬೇಕೋ ನನಗೆ ತಿಳಿಯಲಿಲ್ಲ. ಆ ಸಂಜೆ ದೀಪ ಹಚ್ಚಲು ಹೋಗುವಾಗ ಆ ಖೋಲಿಯ ಮುಂದೆ ಸೆರಗು ಸರಿ ಮಾಡಿಕೊಂಡು ದಾಟಿದೆ.

ರವಿವಾರ ತಂಗಿ ಬೆಳಗಿನ ಪ್ಯಾಸೆಂಜರಿಗೆ ಬಂದಿಳಿದಳು. ಹಾವೇರಿಯ ಕಚೇರಿಯಲ್ಲಿ ದುಡಿಯುವ ನಮ್ಮ ಮನೆಯವರು ಅವತ್ತು ಒಂದು ಲಗ್ನಕ್ಕೆ ಹೋಗಿದ್ದರು. ಚೀಲದಲ್ಲಿ ಒಂದು ಸೀರೆ, ಒಂದು ಸಿ.ಡಿ., ಅತ್ತೆಗೆಂದು ತಂದ ಎಲೆ ಅಡಿಕೆ. ಅವತ್ತು ಕರೆಂಟು ಸಂಜೆಯ ತನಕ ಹೋಗಲಿಲ್ಲ. ಬೇಸಿಗೆಯ ಬಾಗಿಲಲ್ಲಿ ಅಂಥ ದಿನ ಸಿಗುವುದು ಅಪರೂಪ. ಅದನ್ನು ನಾನು ದೇವರ ಲೆಕ್ಕಕ್ಕೇ ಹಾಕುತ್ತೇನೆ.

"ಬೀಗತಿ, ನಿನ್ನ ಬೀಗರೂಟದಾಗ ಕರೀದ ಬಂದವ್ರು ಭಾಳ ಆಗ್ಯಾರಂತಲ್ಲ" ಎನ್ನುತ್ತಲೇ ತಂಗಿ ನಾದಿನಿಯ ಪಕ್ಕ ಕುರ್ಚಿ ಎಳೆದುಕೊಂಡಳು.

"ಚಾಷ್ಟಿ ಮಾಡಬ್ಯಾಡ. ನನಗ ಎರಡ ದಿನದಿಂದ ಊಟ ಸೇರವಲ್ದು."

"ಹಂಗಾರ ಈಗ ಪಂಕ್ತಿಯಾಗ ಹೊಕ್ಕು ಒಬ್ಬೊಬ್ಬರನ್ನ ಕೇಳೂಣು, ಯಾರ ಕಡೆಯವ್ರು ಅಂತ."

ಅವಳು ಮಾಡಿದ್ದೂ ಹಾಗೇ. ಕಂಪ್ಯೂಟರಿನೊಳಗೆ ಏನೇನು ಸೇರಿದೆ ಎಂಬುದರ ಯಾದಿಯೊಂದು ಇರುತ್ತದಂತೆ. ಅದನ್ನು ತೆರೆದು ಒಂದೊಂದೇ ಹೆಸರು ಓದಿ ಕೇಳಿದಳು. "ಇದು ಯಾರು? ನೀ ಕರದೀಯೇನು?" "ಹೂಂ, ಅದು ಅಕ್ಷರದ್ದು." "ಇದು?" "ಪ್ರಿಂಟರಿಂದು." "ಇದು?" ನಾದಿನಿ ಪರದೆಗೆ ಬಾಗಿದಳು. "ಇದರ ಹೆಸರ ನಾ ಕೇಳೇ ಇಲ್ಲ." ಮದುವೆಯ ಮನೆಯಲ್ಲಿ ಹೆಣ್ಣಿನವರು ಗಂಡಿನ ಕಡೆಯವರೆಂದು ತಿಳಿಯುತ್ತಾರೆ, ಗಂಡಿನವರು ಹೆಣ್ಣಿನ ಕಡೆಯವರೆಂದು ತಿಳಿಯುತ್ತಾರೆ, ನಡುವೆ ಒಬ್ಬ ಎರಡು ಸರ್ತಿ ಹೋಳಿಗೆ ಹಾಕಿಸಿಕೊಂಡು ಉಂಡು ಹೋಗುತ್ತಾನೆ. ಇವೂ ಅಂಥವೇ. ಒಂದರ ಹೆಸರು ಹವಾಮಾನ ಹೇಳುವುದು, ಒಂದರದ್ದು ವೇಳೆ ಸರಿ ಮಾಡುವುದು, ಇನ್ನೊಂದರದ್ದು ಹುಡುಕಲು ನೆರವಾಗುವುದು. ಹೆಸರೆಲ್ಲ ಸಜ್ಜನರದೇ.

"ಕಳ್ಳ ಅಂತ ಹೆಸರಿಟ್ಕೊಂಡು ಯಾವ ಕಳ್ಳ ಬರ್ತಾನ, ಅಕ್ಕಾ?" ಎಂದಳು ತಂಗಿ.

ತನ್ನ ಸಿ.ಡಿ. ಹಾಕಿ ಒಂದು ಶೋಧಕ ಓಡಿಸಿದಳು. ಪರದೆಯ ಮೇಲೆ ಸಣ್ಣ ಸಾಲುಗಳು ನಲ್ಲಿಯ ನೀರಿನ ಹಾಗೆ ಹರಿದವು. ಆ ಪೆಟ್ಟಿಗೆಯ ಒಳಗೆ ಇಷ್ಟೊಂದು ಕಡತ, ಇಷ್ಟೊಂದು ಮೂಲೆ ಮುಡುಕು ಇವೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಕ್ಕಿಯನ್ನು ಮೊರದಲ್ಲಿ ಹಾಕಿ ಕಲ್ಲು ಆರಿಸುವವಳಿಗೆ ಒಂದು ಸೇರಿಗೇ ಕಣ್ಣು ಸೋಲುತ್ತದೆ. ಇದು ಗುಡ್ಡದಷ್ಟನ್ನು ಆರಿಸುತ್ತಿತ್ತು. ಸಿಕ್ಕ ಪ್ರತಿ ಕಲ್ಲಿಗೂ ಒಂದು ಕೆಂಪು ಸಾಲು. ನಾನು ಬಾಗಿಲ ಚೌಕಟ್ಟಿಗೆ ಆತು ನಿಂತವಳು ನಿಂತೇ ಇದ್ದೆ. ಒಲೆಯ ಮೇಲಿನ ಬೇಳೆ ತಳ ಹಿಡಿದ ವಾಸನೆ ಬಂದಾಗಲೇ ಒಳಗೆ ಓಡಿದ್ದು.

ತಿರುಗಿ ಬರುವಷ್ಟರಲ್ಲಿ ಕೆಂಪು ಸಾಲುಗಳೆಲ್ಲ ಅಳಿಸಿ ಹೋಗಿದ್ದವು. ನಾದಿನಿಯ ಮುಖದಲ್ಲಿ ಎರಡು ದಿನದ ಮೇಲೆ ಬಣ್ಣ ಬಂದಿತ್ತು. ತಂಗಿ ಕಂಪ್ಯೂಟರನ್ನು ಮುಚ್ಚಿ ಮತ್ತೆ ಹಚ್ಚಿದಳು. ಎಂದಿನಂತೆ ಮೊದಲು ಲಕ್ಷ್ಮಿ ಬಂದಳು.

ಆ ಲಕ್ಷ್ಮಿಯ ವಿಷಯ ಈಗ ಹೇಳಬೇಕು. ಅತ್ತೆಗೆ ಮೊಣಕಾಲು ಹಿಡಿದು ಗುಡಿಗೆ ಹೋಗುವುದು ನಿಂತಿತ್ತು. ಮಗಳು ಇಂಟರ್ನೆಟ್ಟಿನಲ್ಲಿ ಹುಡುಕಿ, ಫುಕಟ್ ಸಿಗುವ ಒಂದು ಪೂಜೆಯ ಪ್ರೋಗ್ರಾಂ ಇಳಿಸಿಕೊಟ್ಟಿದ್ದಳು. ಕಂಪ್ಯೂಟರು ಹಚ್ಚಿದ ಕೂಡಲೇ ಪರದೆಯ ನಡುವೆ ಸಣ್ಣದೊಂದು ಮಂಟಪ ತೆರೆಯುತ್ತಿತ್ತು. ಅದರೊಳಗೆ ಕಮಲದ ಮೇಲೆ ಲಕ್ಷ್ಮಿ. ಒತ್ತಿದರೆ ಗಂಟೆ, ಮತ್ತೊಮ್ಮೆ ಒತ್ತಿದರೆ ಆರತಿ, ಹೂವಿನ ಮಳೆ. ಪೂಜೆಗೆ ಕೂಡುವವರ ಮುಖ ಮೂಡಣಕ್ಕೆ ಇರಬೇಕೆಂದು ಅತ್ತೆ ಟೇಬಲ್ಲನ್ನೇ ತಿರುಗಿಸಿ ಇಡಿಸಿದ್ದರು. ದಿನಾ ಮಿಂದು ಬಂದು ಕುರ್ಚಿಯಲ್ಲಿ ಕುಳಿತು ಗಂಟೆ ಹೊಡೆಸಿಕೊಳ್ಳುತ್ತಿದ್ದರು. ಕಂಪ್ಯೂಟರಿನ ಹಣೆಗೆ ಕುಂಕುಮ ಸಹ ಇತ್ತು. ಅದನ್ನು ಇಳಿಸುವಾಗ ಇಂಗ್ಲಿಷಿನಲ್ಲಿ ಒಂದರ ಹಿಂದೊಂದು ಪ್ರಶ್ನೆ ಬಂದವಂತೆ, ಇದೂ ಬೇಕೇ, ಅದೂ ಬೇಕೇ ಎಂದು. ನಾದಿನಿ ಅನುಮಾನಿಸಿದಾಗ ಅತ್ತೆ, "ದೇವರ ಕೆಲಸದಾಗ ಒಲ್ಲೆ ಅನಬಾರದು. ಎಲ್ಲಾದಕ್ಕೂ ಹೂಂ ಅನ್ನು" ಅಂದಿದ್ದರು. ನಾನೂ ಅಲ್ಲೇ ಇದ್ದೆ. ನನಗೂ ಅದು ಸರಿಯಾದ ಮಾತೇ ಅನ್ನಿಸಿತ್ತು.

ಈಗ ಲಕ್ಷ್ಮಿ ಬಂದು ಕುಳಿತ ಮರುಗಳಿಗೆಯಲ್ಲೇ ಬಹುಮಾನದ ಹಳದಿ ಚೀಟಿ ಹಾರಿತು. ಅದರ ಹಿಂದೆ ಆ ನಗುವ ಹೆಣ್ಣುಮಗಳು. ಅಳಿಸಿದ್ದೆಲ್ಲ ಮರಳಿ ಬಂದಿತ್ತು.

ತಂಗಿ ಮತ್ತೆ ಅಳಿಸಿದಳು. ಮತ್ತೆ ಮುಚ್ಚಿ ಹಚ್ಚಿದಳು. ಮತ್ತೆ ಬಂದವು. ಆಗ ಅವಳ ಚಾಷ್ಟಿ ನಿಂತಿತು. ಮತ್ತೆ ಆ ಯಾದಿ ತೆರೆದು, ಯಾವುದು ಯಾವತ್ತು ಒಳಗೆ ಬಂತೆಂದು ತಾರೀಕು ಹೊಂದಿಸಿ ನೋಡಿದಳು. ಆಮೇಲೆ ನನ್ನನ್ನು ಕಣ್ಣಲ್ಲೇ ಕರೆದು, ಅಡುಗೆಮನೆಗೆ ಬಂದು ಮೆಲ್ಲಗೆ ಹೇಳಿದಳು.

"ಅಕ್ಕಾ, ಬಾಗಲಾ ತಗದ ಕೊಡಾಕತ್ತಿದ್ದು ಆ ಲಕ್ಷ್ಮಿ ಪ್ರೋಗ್ರಾಂ. ತಂತಿ ಕಿತ್ತಿದ್ರೂ, ನಾವು ಹೊರಗ ಹಾಕಿದ್ದರ ನಕಲು ತನ್ನ ಹಂತೇಕ ಇಟ್ಕೊಂಡು ಅದು ಮತ್ತ ಒಳಗ ಕರೀತೈತಿ. ಅದನ್ನ ತಗೀದ ಇದು ಹೋಗೂದಿಲ್ಲ. ನಿಮ್ಮ ಅತ್ತಿಯವರಿಗೆ ಯಾರು ಹೇಳ್ತೀರಿ?"

ಹೇಳುವ ಕೆಲಸವೇ ಬೀಳಲಿಲ್ಲ. ಅತ್ತೆ ಹಿತ್ತಲ ಬಾಗಿಲಲ್ಲಿ ಕುಳಿತು ಎಲ್ಲ ಕೇಳಿಸಿಕೊಂಡಿದ್ದರು.

"ಯಾರನ್ನ ತಗೀತೀರಿ?"

ಅತ್ತೆ ಬಾಗಿಲು ಹಿಡಿದು ಎದ್ದು ಒಳಗೆ ಬಂದರು.

"ಮನಿಗೆ ಬಂದ ಲಕ್ಷ್ಮೀನ ಹೊರಗ ಹಾಕ್ತೀರಿ? ಹಿಂಗ ಮಾಡಿದ ಮನಿ ಯಾವುದರ ಉದ್ಧಾರ ಆಗೈತೇನು? ಎಣ್ಣಿ ಉಪ್ಪು ಸುದ್ದಾ ದೀಪ ಹಚ್ಚೂ ಹೊತ್ನ್ಯಾಗ ಕೈಯೆತ್ತಿ ಕೊಡೂದಿಲ್ಲ ನಾವು."

"ಅತ್ತಿ, ಅದು ಲಕ್ಷ್ಮಿ ಅಲ್ರಿ, ಲಕ್ಷ್ಮಿ ಚಿತ್ರಾರಿ" ಎಂದಳು ತಂಗಿ.

"ನಮ್ಮ ಜಗಲಿ ಮ್ಯಾಲಿಂದೂ ಚಿತ್ರಾನ. ಅದನ್ನೂ ತಗದ ಒಗಿ ಹಂಗಾರ."

ತಂಗಿ ನನ್ನ ಮುಖ ನೋಡಿದಳು. ಖರೇ ಹೇಳಬೇಕೆಂದರೆ ನನ್ನ ಮನಸ್ಸು ಅತ್ತೆಯ ಕಡೆಗೇ ಇತ್ತು. ಹರಿದ ದೇವರ ಪಟವನ್ನು ಸಹ ನಾವು ಕಸಕ್ಕೆ ಹಾಕುವುದಿಲ್ಲ. ಬನ್ನಿ ಮರದ ಬುಡಕ್ಕೆ ಇಟ್ಟು ಕೈ ಮುಗಿದು ಬರುತ್ತೇವೆ. ಕಂಪ್ಯೂಟರಿನೊಳಗೆ ಬನ್ನಿ ಮರ ಎಲ್ಲಿಂದ ತರಬೇಕು? ಅದರಲ್ಲಿರುವುದು ಕಸದ ಬುಟ್ಟಿಯ ಗುರುತು ಒಂದೇ.

ಊಟಕ್ಕೆ ಕುಳಿತೆವು. ತಳ ಹತ್ತಿದ ಬೇಳೆಯನ್ನೇ ಬಡಿಸಿದೆ. ನಾದಿನಿ ಎರಡು ತುತ್ತು ತಿಂದು ಎದ್ದು ಹೋಗಿ ಕೈ ತೊಳೆದಳು. ಅಲ್ಲಿಂದಲೇ, ನಮ್ಮ ಕಡೆ ತಿರುಗದೆ ಹೇಳಿದಳು.

"ಇರ್ಲಿ ಬಿಡ್ರಿ. ಅವ್ವಗ ಮನಸಿಲ್ಲದ್ದು ಮಾಡೂದು ಬ್ಯಾಡ. ನಾ ಪ್ರೆಸ್ಸಿನವ್ರಿಗೆ ಆಗೂದಿಲ್ಲ ಅಂತ ಹೇಳ್ತೇನಿ. ಸಾಲಿಯಾಗ ಯಾವುದರ ಕೆಲಸ ಸಿಕ್ರ ನೋಡೂಣು."

ಅತ್ತೆ ತಾಟಿನಲ್ಲೇ ಕೈ ಇಟ್ಟುಕೊಂಡು ತಂಗಿಯನ್ನು ಕೇಳಿದರು, "ಲಕ್ಷ್ಮಿ ಏನ ತಪ್ಪ ಮಾಡ್ಯಾಳ ಅಂತ?"

"ಆಕಿದೇನೂ ತಪ್ಪಿಲ್ರಿ ಅತ್ತಿ. ಯಾವನೋ ಒಬ್ಬಾಂವ ಎಲ್ಲೋ ದೂರದಾಗ ಕುಂತು ಆಕಿನ್ನ ಮುಂದ ಮಾಡಿ ಹಿಂದ ತಾನು ಒಳಗ ಬಂದಾನ. ದೇವರು ಅಂದ್ರ ಈ ಮಂದಿ ಒಲ್ಲೆ ಅನ್ನೂದಿಲ್ಲ ಅಂತ ಅವಂಗ ಗೊತ್ತೈತಿ."

"ಆಕಿ ಸೆರಗ ಹಿಡದು ಬಂದಾನ."

"ಹೂಂರಿ."

"ಮತ್ತ ಆಕಿ ಅಲ್ಲೇ ಇದ್ರ ಅಂವಾ ಬರೂದು ಬಿಡೂದಿಲ್ಲ."

"ಬಿಡೂದಿಲ್ರಿ."

ಅತ್ತೆ ಎದ್ದರು. ದೇವರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾನು ತಾಟು ಎತ್ತಿ, ನೆಲ ಒರೆಸಿ, ತೊಳೆದದ್ದನ್ನು ಬೋರಲು ಹಾಕಿದೆ. ಅವರು ಹೊರಗೆ ಬಂದಾಗ ಕೈಯಲ್ಲಿ ಅರಿಶಿನ ಕುಂಕುಮದ ಬಟ್ಟಲು, ನಾಲ್ಕು ಅಕ್ಷತೆ ಕಾಳು, ಒಂದು ದಾಸವಾಳ ಇದ್ದವು.

"ಶ್ರಾವಣದ ಶುಕ್ರವಾರ ಕೂಡ್ರಿಸಿದ ಲಕ್ಷ್ಮೀನ ಮರುದಿನ ಕದಲಸ್ತೇವಲ್ಲ. ಕಲಶದ ನೀರ ಗಿಡಕ್ಕ ಹಾಕ್ತೇವಿ, ಅಕ್ಕಿ ಉಣ್ತೇವಿ. ಅದರಿಂದ ಆಕಿ ಮನಿ ಬಿಟ್ಟ ಹೋದಂಗಾತೇನು? ಕೂಡ್ರಿಸಿದ್ದನ್ನ ಕದಲಸಾಕ ಒಂದು ಪದ್ಧತಿ ಐತಿ. ಪದ್ಧತಿ ಪ್ರಕಾರ ಮಾಡಿದ್ರ ಯಾಕ ಸಿಟ್ಟಾಗ್ತಾಳ? ಆದ್ರ ಕಲಶ ಕದಲಿಸಿದ ಮ್ಯಾಲೂ ಮನ್ಯಾಗ ಅಕ್ಕಿ ಉಳೀತಾವ. ಇದರಾಗ ಏನ ಉಳೀತೈತಿ?"

ಇದನ್ನು ಕೇಳಿ ನಾದಿನಿಯೇ ಮುಂದೆ ಬಂದಳು. "ಅವ್ವಾ, ಆಕಿನ್ನ ಮೊದಲ ಕಾಗದಕ್ಕ ಇಳಿಸಿಕೊಳ್ತೇನಿ. ಬರೇ ಚಿತ್ರ. ಅದರ ಸಂಗಾಟ ಯಾವಾತನೂ ಬರೂದಿಲ್ಲ." ತಂಗಿ ಗೋಣು ಹಾಕಿದಳು.

ನಾದಿನಿ ಏನೋ ಗುಂಡಿ ಒತ್ತಿ ಪರದೆಯ ಮೇಲಿದ್ದ ಮಂಟಪವನ್ನು ಹಾಗೇ ಹಿಡಿದು, ಸುತ್ತಲಿನದನ್ನೆಲ್ಲ ಕತ್ತರಿಸಿ ಬಿಟ್ಟು, ಲಗ್ನಪತ್ರಿಕೆಗೆಂದು ಇಟ್ಟಿದ್ದ ಒಳ್ಳೆಯ ಕಾಗದದ ಮೇಲೆ ಪ್ರಿಂಟು ತೆಗೆದಳು. ಅವಳ ಪ್ರಿಂಟರು ಬರೀ ಕರಿ ಬಿಳಿಯದು. ಸಾಲು ಸಾಲಾಗಿ ಮುಖ ಹೊರಬಂತು, ಕೈ ಬಂತು, ಪಾದ ಬಂತು, ಕೊನೆಗೆ ಕಮಲ. ತಲೆ ಮುಂದಾಗಿ ಹುಟ್ಟುವ ಕೂಸನ್ನು ನೋಡುವ ಹಾಗೆ ನೋಡುತ್ತ ನಿಂತೆವು. ಅತ್ತೆ ಬಿಸಿ ಆರುವ ಮೊದಲೇ ಅದನ್ನು ಎರಡು ಕೈಯಿಂದ ತೆಗೆದುಕೊಂಡು, ಬೆರಳಿನಿಂದ ಲಕ್ಷ್ಮಿಯ ಸೀರೆಗೆ ಅರಿಶಿನ ಹಚ್ಚಿದರು, ಕಮಲಕ್ಕೆ ಕುಂಕುಮ ಹಚ್ಚಿದರು. ಕಂಪ್ಯೂಟರಿನಲ್ಲಿ ಇಷ್ಟು ದಿನ ನೋಡಿದ ಬಣ್ಣ ಈ ಬಣ್ಣದ ಮುಂದೆ ಮಂಕಾಗಿ ಕಂಡಿತು. ನಾನು ಕೈ ಮುಗಿದೆ. ತಂಗಿಯೂ ಮುಗಿದಳು. ಅವಳು ಕೈ ಮುಗಿದದ್ದನ್ನು ನಾನು ಬಹಳ ವರ್ಷಗಳ ಮೇಲೆ ನೋಡಿದ್ದು.

ಆಮೇಲೆ ಕದಲಿಸುವುದು. ಅಕ್ಷತೆ ಹಾಕಿದರು, ಹೂವನ್ನು ಕಂಪ್ಯೂಟರಿನ ನೆತ್ತಿಯ ಮೇಲೆ ಇಟ್ಟರು. "ಕಲಶ ಆದ್ರ ಕೈಲೆ ಹಿಡದು ಉತ್ತರಕ್ಕ ಒಂದೀಟು ಸರಸ್ತೇವಿ. ಇದನ್ನ ಹೆಂಗ ಸರಸೂದು?" ಎಂದರು.

"ಇದರ ಮ್ಯಾಲೆ ಕೈ ಇಡ್ರಿ" ಎಂದು ತಂಗಿ ಮೌಸನ್ನು ತೋರಿಸಿದಳು.

ಅಲ್ಲಿಯವರೆಗೆ ಅತ್ತೆ ಅದನ್ನು ಮುಟ್ಟಿರಲಿಲ್ಲ. ಗಂಟೆಯನ್ನೂ ಮಗಳ ಕೈಯಿಂದಲೇ ಒತ್ತಿಸುತ್ತಿದ್ದರು. ಈಗ ಕೈಯನ್ನು ಸೆರಗಿಗೆ ಒರೆಸಿ, ಕೂಸಿನ ನೆತ್ತಿ ಮುಟ್ಟುವಂತೆ ಮುಟ್ಟಿದರು. ಮಗಳ ಕೈ ಅವರ ಕೈಯ ಮೇಲೆ. ಮೂಡಣಕ್ಕೆ ಮುಖ ಮಾಡಿ ಕುಳಿತವರಿಗೆ ಎಡಗಡೆಯೇ ಉತ್ತರ. ಇಬ್ಬರೂ ಕೂಡಿ ಎಳೆದರು. ಮಂಟಪ ಲಕ್ಷ್ಮಿಯ ಸಮೇತ ಪರದೆಯ ಎಡಕ್ಕೆ ಮೆಲ್ಲಗೆ ಸರಿಯಿತು. ಅತ್ತೆ ಕೈ ಹಿಂದೆ ತೆಗೆದುಕೊಂಡು ಅಂಗೈಯನ್ನು ನೋಡಿಕೊಂಡರು. ನನ್ನ ಮೈಮೇಲೆ ಮುಳ್ಳೆದ್ದಿತು. ಕಣ್ಣು ಮಾತ್ರ ನೋಡುವ, ಕೈಗೆ ಸಿಗದ ಒಂದು ವಸ್ತು ಅವರ ಸ್ಪರ್ಶಕ್ಕೆ ಸರಿದಿತ್ತು. ನಾವು ದಿನಾ ಪೂಜಿಸುವುದೂ ಅಂಥದನ್ನೇ ಅಲ್ಲವೇ ಅನ್ನಿಸಿತು.

"ಹೋಗಿ ಬಾ ತಾಯಿ. ಇಲ್ಲಿಂದ ಎದ್ದು ಜಗಲಿಗೆ ಬಾ" ಎಂದರು ಅತ್ತೆ. ತಂಗಿಯ ಕಡೆ ತಿರುಗಿ, "ಇನ್ನ ನಿನ್ನ ಕೆಲಸ ಮಾಡು" ಎಂದರು.

ತಂಗಿ ತೆಗೆಯಲು ಹೊರಟರೆ ಆ ಪ್ರೋಗ್ರಾಂ ಸುಲಭಕ್ಕೆ ಹೋಗಲಿಲ್ಲ. ಒಂದರ ಮೇಲೊಂದು ಪ್ರಶ್ನೆ ಹಾಕತೊಡಗಿತು. ಅತ್ತೆ ಪಕ್ಕದಲ್ಲೇ ಕುಳಿತು, "ಹೋದ ಸರ್ತಿ ಓದದ ಹೂಂ ಅಂದೇವಿ. ಈ ಸರ್ತಿ ಒಂದೊಂದೂ ಕನ್ನಡದಾಗ ಹೇಳು" ಎಂದರು. ತಂಗಿ ಹೇಳುತ್ತ ಹೋದಳು. ಖಂಡಿತ ತೆಗೆಯಬೇಕೇ? ಹೂಂ. ತೆಗೆದರೆ ಇಂಥಿಂಥ ಲಾಭ ತಪ್ಪುತ್ತದೆ, ಅಡ್ಡಿಯಿಲ್ಲವೇ? ಅಡ್ಡಿಯಿಲ್ಲ. ಜೊತೆಗೆ ಬಂದವರನ್ನು ಇಲ್ಲೇ ಉಳಿಸಿಕೊಳ್ಳುತ್ತೀರಾ?

"ಏನಂದಿ?" ಅತ್ತೆ ಮುಂದಕ್ಕೆ ಬಾಗಿದರು. "ನೋಡು ಎಷ್ಟ ಉಪಾಯಗಾರ ಅದಾನ. ಹೋಗೂ ಮುಂದ ಸುದ್ದಾ ತನ್ನ ಮಂದೀನ ಬಿಟ್ಟ ಹೋಗಾಕ ನೋಡ್ತಾನ. ಉಳಿಸಿಕೊಳ್ಳೂದಿಲ್ಲ ಅನ್ನು."

ಅದಾದ ಮೇಲೆ ಮತ್ತೆ ಆ ಶೋಧಕ ಓಡಿತು, ಮತ್ತೆ ಕೆಂಪು ಸಾಲುಗಳು ಬಂದವು, ಮತ್ತೆ ಅಳಿಸಿದ್ದಾಯಿತು. ಎರಡು ಮೂರು ಮಾತ್ರ ಗೋಡೆಗೆ ಹತ್ತಿದ ಹಲ್ಲಿಯಂತೆ ಬಿಡಲಿಲ್ಲ. ಅವಕ್ಕೆ ತಂಗಿ ಕಂಪ್ಯೂಟರನ್ನು ಬೇರೆ ರೀತಿಯಲ್ಲಿ ಹಚ್ಚಿದಳು. ಪರದೆ ಕಪ್ಪಾಗಿ, ಅಕ್ಷರ ದಪ್ಪವಾಗಿ, ನಾಲ್ಕೂ ಮೂಲೆಗೆ ಏನೋ ಬರೆದುಕೊಂಡು ಬಂತು. ಹೀಗೆ ಹಚ್ಚಿದರೆ ಬೇಕಾದವರು ಮಾತ್ರ ಏಳುತ್ತಾರೆ, ಉಳಿದವರು ಮಲಗಿರುತ್ತಾರೆ ಎಂದಳು. ಮಲಗಿದಲ್ಲೇ ಅವನ್ನು ತೆಗೆದಳು.

ಕೊನೆಯ ಸಲ ಮುಚ್ಚಿ ಹಚ್ಚಿದಾಗ ಬರೀ ನೀಲಿ ಪರದೆ ಬಂತು. ನಾಲ್ಕೂ ಜನ ಉಸಿರು ಹಿಡಿದು ನೋಡಿದೆವು. ಏನೂ ಬರಲಿಲ್ಲ. ಫೋನಿನ ತಂತಿ ಹಚ್ಚಿದಳು. ಆಗಲೂ ಏನೂ ಬರಲಿಲ್ಲ. ನಾದಿನಿ ಒಂದು ಅಕ್ಷರ ಒತ್ತಿದಳು, ಒತ್ತಿದ ಕೂಡಲೇ ಮೂಡಿತು. ಸಾರಿಸಿ ಗುಡಿಸಿದ ಅಂಗಳದ ಹಾಗೆ ಖಾಲಿಯಾಗಿ, ಚೊಕ್ಕಟವಾಗಿ ಇತ್ತು ಪರದೆ.

ತಂಗಿ ಹೊರಡುವ ಮುಂದೆ ನಾದಿನಿ ಅವಳ ಕೈ ಹಿಡಿದು ಕೇಳಿದಳು. "ಇಷ್ಟ ದಿನ ನಾ ಬರದ ಮದುಮಕ್ಕಳ ಹೆಸರು, ಊರು, ಮನಿತನ, ಎಲ್ಲಾ ನೋಡ್ಯಾರೇನು ಅವರು?"

"ಸುಳ್ಳ ಹೇಳೂದಿಲ್ಲ ಬೀಗತಿ, ಗೊತ್ತಿಲ್ಲ. ಆದ್ರ ಅವರಿಗೆ ನಿನ್ನ ಹಲಗೇರಿ ಮದುಮಗಳ ಹೆಸರ ತಗೊಂಡು ಏನಾಗಬೇಕಾಗೈತಿ? ನೀ ಏನ ಹುಡುಕ್ತಿ, ಏನ ಕೊಳ್ತಿ, ಅಷ್ಟ ಬೇಕು. ಮಾರಾಕ ನೋಡ್ತಾರ."

ಆ ಮಾತು ನನ್ನಲ್ಲಿ ಉಳಿಯಿತು. ಮೇಲೊಬ್ಬ ಎಲ್ಲ ನೋಡುತ್ತಾನೆ ಎಂಬ ನಂಬಿಕೆಯಲ್ಲೇ ನಾನು ಬೆಳೆದವಳು. ಒಲೆಯ ಮುಂದೆ ಒಬ್ಬಳೇ ಇದ್ದಾಗಲೂ ಒಬ್ಬಳೇ ಅನ್ನಿಸುವುದಿಲ್ಲ. ಆ ನೋಟದಿಂದ ನನಗೆ ಧೈರ್ಯವೇ ಬಂದಿದೆ. ಕಾಣದೆ ಕುಳಿತು ನೋಡುವವರು ಬೇರೆಯೂ ಇರಬಹುದು ಎಂಬುದನ್ನು ಅವತ್ತು ತಿಳಿದೆ. ದೇವರು ಏನನ್ನೂ ಮಾರಲು ನೋಡುವುದಿಲ್ಲ. ಇಷ್ಟು ದೊಡ್ಡ ವ್ಯತ್ಯಾಸವನ್ನು ಒಂದು ಪೆಟ್ಟಿಗೆ ನನಗೆ ತೋರಿಸಿಕೊಟ್ಟಿತಲ್ಲ ಎಂದು ಈಗಲೂ ಸೋಜಿಗ.

ಸೋಮವಾರ ನಾದಿನಿ ತಾನೇ ಪ್ರೆಸ್ಸಿಗೆ ಫೋನು ಮಾಡಿ, ಹಲಗೇರಿಯ ಹಿರಿಯರನ್ನು ಇನ್ನೊಂದು ಸಲ ಕಳಿಸಿರೆಂದು ಕೇಳಿಕೊಂಡಳು. ಅವರು ಬರುವ ಹೊತ್ತಿಗೆ ನಾನು ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಲು ಕುಳಿತಿದ್ದೆ. ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, "ತಂತಿ ಕಿತ್ತ ಇಡು, ಯಾಕರ ಬೇಕು" ಎಂದೆ.

"ಬ್ಯಾಡ ವೈನಿ. ತಂತಿ ಕಿತ್ತು ತೋರಿಸಿದ್ರ ನಾಳಿಂದ ನನಗs ಧೈರ್ಯ ಇರೂದಿಲ್ಲ. ಬಂದ್ರ ಬರ್ಲಿ" ಎಂದಳು.

ಹಿರಿಯರು ಬಾಗಿಲಲ್ಲೇ ನಿಂತರು. ಅತ್ತೆ ಒಳಗಿನಿಂದ, "ಬರ್ರಿ, ಕುಂದ್ರಿ. ನಾನೂ ಇಲ್ಲೇ ಕುಂದರ್ತೇನಿ" ಎಂದು ತಮ್ಮ ಕುರ್ಚಿಯನ್ನು ಕಂಪ್ಯೂಟರಿನ ಪಕ್ಕಕ್ಕೆ ಎಳೆಸಿದರು. ಅವರು ಬಂದು ಕುಳಿತರು. ಚಾಳೀಸು ಹಾಕಿಕೊಂಡರು. ನಾದಿನಿ ಪತ್ರಿಕೆ ತೆರೆದಳು.

ಅವರು ಓದುವ ರೀತಿ ಅದೇ, ಒಂದೊಂದು ಸಾಲಿಗೂ ಬೆರಳಿಟ್ಟು. ಗುರುಹಿರಿಯರ ಸಾಲು ದಾಟಿತು. ಮದುಮಗಳ ಹೆಸರು ದಾಟಿತು. ಮುಹೂರ್ತ, ಸ್ಥಳ, ಆಹ್ವಾನಿಸುವವರು. ನನ್ನ ಕೈಯ ಹಿಟ್ಟು ಒಣಗಿ ಬಿರಿಯುತ್ತಿತ್ತು. ನಾದಿನಿಯ ಕಣ್ಣು ಪರದೆಯ ಮೇಲಿರಲಿಲ್ಲ, ಹಿರಿಯರ ಬೆರಳಿನ ಮೇಲಿತ್ತು. ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು. ಪರದೆ ಅಲುಗಲಿಲ್ಲ.

"ಇಲ್ಲೊಂದು ತಪ್ಪೈತಿ" ಎಂದರು.

ನಾದಿನಿ ಮೌಸಿಗೆ ಕೈ ಹಾಕಿದಳು.

"ನಮ್ಮಣ್ಣನ ಹೆಸರ ನನ್ನ ಕೆಳಗ ಬಂದೈತಿ. ಅಂವಾ ತೀರಿಕೊಂಡು ಭಾಳ ದಿನ ಆತು, ಖರೇ. ಆದ್ರ ನನಕಿಂತ ದೊಡ್ಡಾಂವ. ಅವನ ಹೆಸರ ಮ್ಯಾಲೆ ಬರ್ಲಿ, ಯವ್ವಾ."

ನಾದಿನಿ ಸರಿ ಮಾಡಿದಳು. ಎರಡು ಹೆಸರು ಮಾತಾಡದೆ ಜಾಗ ಬದಲಿಸಿಕೊಂಡವು. ಹಿರಿಯರು ಅದನ್ನು ನೋಡಿ ತಲೆದೂಗಿದರು. "ಕಾಗದದ ಮ್ಯಾಲೆ ಬರದಿದ್ರ ಗೀಚಿ ಗೀಚಿ ಹೊಲಸ ಆಗ್ತಿತ್ತು. ಇದು ಅಣ್ಣ ಮೊದಲಿಂದs ಅಲ್ಲೇ ಇದ್ದಂಗ ಮಾಡ್ತು." ಆಮೇಲೆ ಅತ್ತೆಯ ಕಡೆ ತಿರುಗಿ, "ಅವತ್ತು ನಾ ಏನೂ ಕೇಳದ ಎದ್ದ ಹೋಗಬಾರದಿತ್ತು ಅನ್ರಿ" ಎಂದರು.

"ನಮಗೂ ಅವತ್ತ ಏನೂ ಗೊತ್ತಿರಲಿಲ್ರಿ. ಕೇಳಿದ್ರೂ ಏನ ಹೇಳ್ತಿದ್ವಿ" ಎಂದರು ಅತ್ತೆ.

"ಕಿರೇ ಮೊಮ್ಮಗಳದೂ ಮುಂದ ಐತಿ. ಅದನ್ನೂ ಈಕೀನ ಮಾಡ್ಲಿ. ಪ್ರೆಸ್ಸಿಗೆ ನಾನs ಹೋಗಿ ಹೇಳ್ತೇನಿ."

ನಾದಿನಿ ಪ್ರಿಂಟರಿಗೆ ಕಾಗದ ಹಾಕಿದಳು. ಪತ್ರಿಕೆಯ ಒಂದು ಪ್ರತಿಯನ್ನು ಹಿರಿಯರ ಕೈಗೆ ಕೊಟ್ಟಳು. ಹಿರಿಯರು ವಲ್ಲಿ ಹೊದ್ದುಕೊಂಡು ಮೆಟ್ಟಿಲಿಳಿದರು. ಮನೆಯವರು ಹಾವೇರಿ ಕಚೇರಿಯಿಂದ ಬರುವ ಗಾಡಿಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ನಾದಿದ ಹಿಟ್ಟು ಮೇಲೆ ಬಿರುಕು ಬಿಟ್ಟಿತ್ತು. ಒಂದು ಬೊಗಸೆ ಬಿಸಿನೀರು ಚಿಮುಕಿಸಿ ಮತ್ತೆ ಹದಕ್ಕೆ ತಂದೆ, ಒಲೆಯ ಮೇಲೆ ಹಂಚು ಇಟ್ಟು ಮೊದಲ ರೊಟ್ಟಿ ಬಡಿಯತೊಡಗಿದೆ.